ಮರಗಳ ಬಳಿಗೆ ಮರಳಿದ ರುಮಾಲೆ ಚನ್ನಬಸವಯ್ಯ

ಚಿತ್ರಕಲೆಯ ಅವಧಿಯಲ್ಲಿ ಮರ ಬರೆಯಲು ಹೇಳಿದರೆ ತರಗತಿಯ ಬಹುಪಾಲು ಮಕ್ಕಳು ಒಂದೇ ಮರ ಬರೆಯುತ್ತಾರೆ: ಕಂದು ಬಣ್ಣದ ಎರಡು ಗೆರೆ, ಅದರ ಮೇಲೊಂದು ಹಸಿರು ಗುಡ್ಡೆ. ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳು ಇದನ್ನು ಕಂಡೇ ಇರುತ್ತಾರೆ. ನಿಜವಾದ ಮರವನ್ನು ನೋಡುವುದು ಹೇಗೆಂದು ತಿಳಿಯಲು ರುಮಾಲೆ ಚನ್ನಬಸವಯ್ಯನವರ ಜೀವನ ನಮಗೆ ಒಳ್ಳೆಯ ಪಾಠ.

ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಜನಿಸಿದ ಅವರು ಬೆಂಗಳೂರಿನ ಕಲಾಮಂದಿರದಲ್ಲಿ ಅ.ನ. ಸುಬ್ಬರಾಯರ ಶಿಷ್ಯರಾಗಿ ಚಿತ್ರಕಲೆ ಕಲಿತರು. ಬಳಿಕ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯನ್ನು ಸೇರಿದರು. ಸ್ವಾತಂತ್ರ್ಯ ಚಳವಳಿ ಕರೆದಾಗ ಆ ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟರು. ಸೇವಾದಳದಲ್ಲಿ ದುಡಿದರು, ಸೆರೆಮನೆ ಕಂಡರು. ಮುಂದೆ ತಾಯಿನಾಡು ಪತ್ರಿಕೆಯ ಸಂಪಾದಕರಾದರು, ವಿಧಾನ ಪರಿಷತ್ತಿನ ಸದಸ್ಯರೂ ಆದರು. ಹೀಗೆ ಸುಮಾರು ಮೂರು ದಶಕ ಕುಂಚ ಹಿನ್ನೆಲೆಗೆ ಸರಿದಿತ್ತು.

1960ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ಮೇಲೆ, ಅವರು ಸಾರ್ವಜನಿಕ ಜೀವನದಿಂದ ಹಿಂದೆ ಸರಿದು ಮತ್ತೆ ಚಿತ್ರ ಬರೆಯಲು ಕುಳಿತರು. ಬೆಂಗಳೂರಿನ ಹೂಮರಗಳು ಅವರ ಮುಖ್ಯ ವಸ್ತುವಾದವು. ಒಂದು ಜಾತಿಯ ಹೂ ಮುಗಿಯುತ್ತಿದ್ದಂತೆ ಇನ್ನೊಂದು ಅರಳುವಂತೆ ಮರಗಳನ್ನು ನೆಡಿಸಿದವರಲ್ಲಿ ಲಾಲ್‌ಬಾಗಿನ ಕ್ರುಂಬಿಗಲ್ ಪ್ರಮುಖರು. ಜಕರಂಡದ ನೇರಳೆ, ಗುಲ್‌ಮೊಹರಿನ ಕೆಂಪು, ತಬೂಬಿಯಾದ ಹಳದಿ, ಇವನ್ನೆಲ್ಲ ರುಮಾಲೆಯವರು ಮರದ ಎದುರೇ ಕುಳಿತು ಬರೆದರು. 1988ರಲ್ಲಿ ತೀರಿಕೊಳ್ಳುವವರೆಗೂ ಈ ಕೆಲಸ ಸಾಗಿತು.

ಅವರದು ಅಮೂರ್ತ ಚಿತ್ರಕಲೆಯಲ್ಲ. ಆದರೂ ಅವರ ಚಿತ್ರದ ಹತ್ತಿರ ನಿಂತರೆ ಎಲೆಯೂ ಕಾಣದು, ಹೂವೂ ಕಾಣದು. ಬಣ್ಣದ ದಪ್ಪ ತೇಪೆಗಳಷ್ಟೇ ಕಾಣುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮರ ಮೂಡುತ್ತದೆ. ಚಿತ್ರಕಲಾ ಶಿಕ್ಷಕನ ಅರ್ಹತೆ ಪಡೆದಿದ್ದ ಡಚ್ ಕಲಾವಿದ ಮಾಂಡ್ರಿಯನ್ 1911ರ ಹೊತ್ತಿಗೆ ಮರವನ್ನು ಗೆರೆಗಳಾಗಿ ಬಿಡಿಸುತ್ತಾ ಅಮೂರ್ತದತ್ತ ನಡೆದರು. ರುಮಾಲೆಯವರು ಬಣ್ಣದ ದಾರಿ ಹಿಡಿದು ಮರದಲ್ಲೇ ಉಳಿದರು. ಇಬ್ಬರೂ ಆರಂಭಿಸಿದ್ದು ಮಾತ್ರ ಮರವನ್ನು ದೀರ್ಘಕಾಲ ನೋಡುವುದರಿಂದ.

ಮಾರ್ಕೋನಹಳ್ಳಿ ಜಲಾಶಯದ ಆಸುಪಾಸಿನ ಶಾಲೆಗಳಲ್ಲಿ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಇದನ್ನು ಒಂದು ಅವಧಿಯಲ್ಲಿ ಪ್ರಯೋಗಿಸಬಹುದು. ಮಕ್ಕಳನ್ನು ಹತ್ತಿರದ ಹೊಂಗೆ ಅಥವಾ ಹುಣಸೆ ಮರದ ಬಳಿಗೆ ಕರೆದೊಯ್ಯಿರಿ. ಹತ್ತು ನಿಮಿಷ ನೋಡುವುದಷ್ಟೇ ಕೆಲಸ, ಪೆನ್ಸಿಲ್ ಬೇಡ. ಆಮೇಲೆ ಹೊರರೇಖೆ ಎಳೆಯದೆ ಬಣ್ಣದಿಂದಲೇ ಶುರುಮಾಡಲಿ. ಮೌಲ್ಯಮಾಪನ ಮಾಡುವಾಗ ಚಿತ್ರದ ಅಂದವನ್ನಲ್ಲ, ಮಗು ಹೊಸದಾಗಿ ಏನನ್ನು ಗಮನಿಸಿತು ಎಂಬುದನ್ನು ಗುರುತಿಸಿರಿ.

ತಮಗೆ ಚಿತ್ರ ಬರುವುದಿಲ್ಲವೆಂದು ಹೇಳುವ ಶಿಕ್ಷಕರೂ ಮಕ್ಕಳೊಡನೆ ಕೂರಲಿ. ಮೂವತ್ತು ವರ್ಷ ಬಿಟ್ಟ ಕಲಿಕೆಯನ್ನು ರುಮಾಲೆಯವರು ಮತ್ತೆ ಕೈಗೆತ್ತಿಕೊಂಡರು. ಅವರ ಹೆಸರು ಉಳಿದಿರುವುದು ಹೆಚ್ಚಾಗಿ ಆಮೇಲೆ ಬರೆದ ಚಿತ್ರಗಳಿಂದಲೇ.