ಗ್ರೆಗೋರ್ ಮೆಂಡೆಲನ ಚರಿತ್ರೆ

ತಂದೆಯಲ್ಲಿಯೂ ತಾಯಿಯಲ್ಲಿಯೂ ಕಾಣದ ಲಕ್ಷಣವೊಂದು ಮಗುವಿನಲ್ಲಿ ತೋರಿಬರುವದನ್ನು ನಾವೆಲ್ಲರೂ ಕಂಡಿದ್ದೇವೆ. ಅದನ್ನು ನೋಡಿ ಹಿರಿಯರು, ಇದು ಅಜ್ಜನದು, ಇದು ಮುತ್ತಜ್ಜಿಯದು ಎಂದು ಗುರುತಿಸುವದುಂಟು. ಆದರೆ ನಡುವಿನ ತಲೆಮಾರಿನಲ್ಲಿ ಆ ಲಕ್ಷಣವು ಎಲ್ಲಿ ಅಡಗಿತ್ತು? ಹಿಂದಿನ ಕಾಲದ ಪಂಡಿತರಲ್ಲಿ ಅನೇಕರು, ತಂದೆತಾಯಿಗಳ ಗುಣಗಳು ಹಾಲೂ ನೀರೂ ಬೆರೆಯುವಂತೆ ಮಕ್ಕಳಲ್ಲಿ ಬೆರೆತುಹೋಗುತ್ತವೆಂದು ನೆನಸಿದ್ದರು. ಅದು ಹಾಗಲ್ಲವೆಂದು ಬಟಾಣಿ ಗಿಡಗಳ ಮೂಲಕ ತೋರಿಸಿಕೊಟ್ಟವನು ಒಬ್ಬ ಬಡ ಬೇಸಾಯಗಾರನ ಮಗನು. ಅವನ ಚರಿತ್ರೆಯನ್ನು ಈ ಸಾರಿ ನಮ್ಮ ವಾಚಕರ ಮುಂದೆ ಇಡುತ್ತೇವೆ.

ಯೋಹಾನ್ ಮೆಂಡೆಲನು 1822ನೇ ಇಸವಿಯ ಜುಲೈ ತಿಂಗಳಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದ ಸೈಲೀಸಿಯಾ ಸೀಮೆಯ ಹೈನ್ಸೆಂಡೋರ್ಫ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಆ ಊರು ಈಗ ಚೆಕ್ ದೇಶಕ್ಕೆ ಸೇರಿದೆ. ತಂದೆಯಾದ ಆಂಟೋನನು ವಾರದಲ್ಲಿ ಮೂರು ದಿನ ಜಮೀನುದಾರನಿಗೆ ಬಿಟ್ಟಿದುಡಿದು, ಉಳಿದ ದಿನಗಳಲ್ಲಿ ತನ್ನ ಹೊಲವನ್ನೂ ಹಣ್ಣಿನ ಮರಗಳನ್ನೂ ನೋಡಿಕೊಳ್ಳುತ್ತಿದ್ದನು. ಹುಡುಗನ ಬುದ್ಧಿಯನ್ನು ಕಂಡು ಅವನನ್ನು ದೊಡ್ಡ ಶಾಲೆಗೆ ಕಳುಹಿಸಿದರು. ಆದರೆ 1838ರಲ್ಲಿ ಮರದ ಕೆಲಸದಲ್ಲಿ ತಂದೆಗೆ ಭಾರಿ ಪೆಟ್ಟಾಗಿ, ದುಡಿಯುವ ಶಕ್ತಿ ಹೋಯಿತು. ಮಗನು ಬೇರೆ ಹುಡುಗರಿಗೆ ಪಾಠ ಹೇಳಿ, ಅರೆಹೊಟ್ಟೆಯಲ್ಲಿ ಓದಿ, ಕಾಯಿಲೆಬಿದ್ದನು. ಆಗ ಕಿರಿಯ ತಂಗಿಯಾದ ತೆರೇಸಿಯಾ ಎಂಬವಳು ತನ್ನ ಮದುವೆಗಾಗಿ ಇಟ್ಟಿದ್ದ ಹಣದಲ್ಲಿ ಒಂದು ಪಾಲನ್ನು ಅಣ್ಣನ ಓದಿಗೆ ಕೊಟ್ಟಳು. ಅವನು ಅದನ್ನು ಮರೆಯಲಿಲ್ಲ. ಮುಂದೆ ಅವಳ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ತಾನೇ ನೆರವಾದನು. ಅವರಲ್ಲಿ ಇಬ್ಬರು ವೈದ್ಯರಾದರು.

1843ರಲ್ಲಿ ಮೆಂಡೆಲನು ಬ್ರ್ಯುನ್ ಪಟ್ಟಣದಲ್ಲಿದ್ದ ಅಗಸ್ಟಿನನ ಸಭೆಯ ಮಠವನ್ನು ಸೇರಿ ಗ್ರೆಗೋರ್ ಎಂಬ ಹೆಸರನ್ನು ಹೊಂದಿದನು. ಹೊಟ್ಟೆಪಾಡಿನ ಚಿಂತೆಯೂ ಅವನನ್ನು ಅಲ್ಲಿಗೆ ನಡಿಸಿತು. ರೋಗಿಗಳನ್ನು ಸಂದರ್ಶಿಸುವ ಕೆಲಸಕ್ಕೆ ಅವನ ಮೃದುವಾದ ಮನಸ್ಸು ತಾಳದೆ ಹೋದದರಿಂದ, ಮಠಾಧಿಪತಿಯಾದ ನಾಪ್ ಎಂಬವನು ಅವನನ್ನು ಉಪಾಧ್ಯಾಯನಾಗಿ ಕಳುಹಿಸಿದನು. ಆದರೆ 1850ರಲ್ಲಿ ಉಪಾಧ್ಯಾಯರ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಬಳಿಕ 1851ರಿಂದ 1853ರ ವರೆಗೆ ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ, ಗಣಿತ, ಸಸ್ಯಶಾಸ್ತ್ರಗಳನ್ನು ಓದಿದನು. 1856ರಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಕುಳಿತರೂ ಫಲ ಸಿಕ್ಕಲಿಲ್ಲ. ಅದೇ ವರುಷ ಮಠದ ತೋಟದ ಚಿಕ್ಕ ಪಾತಿಯಲ್ಲಿ ಬಟಾಣಿಯ ಪರಿಶೋಧನೆಯನ್ನು ಆರಂಭಿಸಿದನು.

ಬಟಾಣಿಯ ಹೂವು ತನ್ನ ಪರಾಗದಿಂದ ತಾನೇ ಕಾಯಿಕಟ್ಟುವ ಜಾತಿಯದು. ಆದಕಾರಣ ಮೆಂಡೆಲನು ಮೊಗ್ಗು ಅರಳುವದಕ್ಕೆ ಮುಂಚೆಯೇ ಕೇಸರಗಳನ್ನು ಚಿವುಟಿ ತೆಗೆದು, ಬೇರೊಂದು ಗಿಡದ ಪರಾಗವನ್ನು ಹಚ್ಚುವನು. ಹೀಗೆ ಎಂಟು ವರುಷ, ಸುಮಾರು 28,000 ಗಿಡಗಳನ್ನು ಬೆಳೆಸಿ, ಏಳು ಲಕ್ಷಣಗಳನ್ನು ಲೆಕ್ಕವಿಟ್ಟು ನೋಡಿದನು. ಗುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕೂಡಿಸಿದಾಗ ಹುಟ್ಟಿದ ಕಾಳುಗಳೆಲ್ಲವೂ ಗುಂಡಾಗಿದ್ದವು. ಸುಕ್ಕು ಅಳಿದುಹೋಯಿತೋ ಎಂಬಂತಿತ್ತು. ಆದರೆ ಆ ಕಾಳುಗಳನ್ನು ಬಿತ್ತಿದಾಗ ಮುಂದಿನ ಪೈರಿನಲ್ಲಿ 5,474 ಗುಂಡು ಕಾಳುಗಳೂ 1,850 ಸುಕ್ಕು ಕಾಳುಗಳೂ ದೊರೆತವು. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಬಾಕಿ ಆರು ಲಕ್ಷಣಗಳಲ್ಲಿಯೂ ಇದೇ ಪ್ರಮಾಣವು ತೋರಿಬಂತು.

ಇದರಿಂದ ಅವನು ತಿಳಿದದ್ದೇನಂದರೆ: ಪ್ರತಿಯೊಂದು ಲಕ್ಷಣಕ್ಕೂ ಗಿಡದಲ್ಲಿ ಎರಡು ಅಂಶಗಳಿವೆ, ಒಂದು ತಂದೆಯ ಕಡೆಯದು, ಒಂದು ತಾಯಿಯ ಕಡೆಯದು. ಒಂದು ಅಂಶವು ಪ್ರಬಲವಾಗಿದ್ದರೆ ಮತ್ತೊಂದು ಅದರ ಮರೆಯಲ್ಲಿರುವದು, ಆದರೆ ನಾಶವಾಗದು. ಪರಾಗವೂ ಅಂಡವೂ ಉಂಟಾಗುವಾಗ ಈ ಜೋಡಿ ಬೇರ್ಪಟ್ಟು, ಒಂದೊಂದಕ್ಕೆ ಒಂದೇ ಅಂಶವು ಸಲ್ಲುವದು. ಆದದರಿಂದ ಮರೆಯಾದ ಎರಡು ಅಂಶಗಳು ಒಂದೇ ಕಾಳಿನಲ್ಲಿ ಕೂಡಿದರೆ ಹಳೆಯ ಸುಕ್ಕು ತಿರಿಗಿ ಕಾಣಿಸುವದು.

1865ರ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಮೆಂಡೆಲನು ಬ್ರ್ಯುನ್ ಪಟ್ಟಣದ ವಿಜ್ಞಾನ ಸಂಘದಲ್ಲಿ ಈ ಸಂಗತಿಗಳನ್ನು ಓದಿದನು. 1866ರಲ್ಲಿ ಅವು ಅಚ್ಚಾದವು. ಅದರ ಮಹತ್ವವನ್ನು ಗ್ರಹಿಸಿದವರಿಲ್ಲ. ಮ್ಯೂನಿಕ್ ಪಟ್ಟಣದ ಪ್ರಸಿದ್ಧ ಸಸ್ಯಶಾಸ್ತ್ರಿಯಾದ ನೇಗೆಲಿಯು ಸಂದೇಹಪಟ್ಟನು. ನೇಗೆಲಿಗೆ ಪ್ರಿಯವಾದ ಹಾಕ್‌ವೀಡ್ ಎಂಬ ಸಸ್ಯದಲ್ಲಿ ಮೆಂಡೆಲನು ಶ್ರಮಪಟ್ಟರೂ ಲೆಕ್ಕ ಕೂಡಿಬರಲಿಲ್ಲ. ಯಾಕಂದರೆ ಆ ಸಸ್ಯವು ಬಹುಮಟ್ಟಿಗೆ ಪರಾಗದ ಕೂಟವಿಲ್ಲದೆಯೇ ಬೀಜ ಕಟ್ಟುವದು. ಇದು ಆಗ ಇಬ್ಬರಿಗೂ ತಿಳಿಯದು. 1868ರಲ್ಲಿ ಮಠಾಧಿಪತಿಯಾದ ಮೇಲೆ ಮಠದ ತೆರಿಗೆಯ ವ್ಯಾಜ್ಯದಲ್ಲಿಯೇ ಅವನ ಕಾಲವು ಸವೆಯಿತು. 1884ರ ಜನವರಿ 6ರಂದು ಮೂತ್ರಪಿಂಡದ ರೋಗದಿಂದ ತೀರಿಕೊಂಡನು. 1900ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕೊರೆನ್ಸ್, ಆಸ್ಟ್ರಿಯಾದ ಚೆರ್ಮಾಕ್ ಎಂಬವರು ಅವನ ಲೇಖನವನ್ನು ಬೆಳಕಿಗೆ ತಂದರು. 1990ರಲ್ಲಿ ಸುಕ್ಕಿನ ಕಾರಣವೂ ತಿಳಿದುಬಂತು: ಪಿಷ್ಟ ಕಟ್ಟಲು ಬೇಕಾದ ಒಂದು ಜೀನ್ ಕೆಟ್ಟಿರುವದರಿಂದ ಕಾಳಿನಲ್ಲಿ ಸಕ್ಕರೆಯೂ ನೀರೂ ಹೆಚ್ಚಾಗಿ, ಒಣಗುವಾಗ ಅದು ಸುಕ್ಕುವದು.

ಇದು ಬಟಾಣಿಯ ಮಾತು ಮಾತ್ರವೆಂದು ಯಾರೂ ನೆನಸಬಾರದು. ಮೈಯೂ ಕೂದಲೂ ಬೆಳ್ಳಗಿರುವ ಮಗುವು ಕೆಲವು ಮನೆಗಳಲ್ಲಿ ಹುಟ್ಟುವದುಂಟು. ಆಗ ಜನರು ತಾಯಿಯ ನಡತೆಯನ್ನು ಆಡಿಕೊಳ್ಳುವದನ್ನೂ, ಶಾಪವೆಂದು ಹೇಳುವದನ್ನೂ ನಾವು ಕೇಳಿದ್ದೇವೆ. ಅದು ಅನ್ಯಾಯವು. ಸಾಮಾನ್ಯವಾಗಿ ಅಂಥ ಮಗುವಿಗೆ ಮರೆಯಲ್ಲಿದ್ದ ಒಂದೊಂದು ಅಂಶವು ತಂದೆಯಿಂದಲೂ ತಾಯಿಯಿಂದಲೂ ಸಮವಾಗಿ ಬಂದಿರುವದು. ಅಂಥ ತಂದೆತಾಯಿಗಳ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಹೀಗಾಗುವ ಸಂಭವವುಂಟು. ರಕ್ತಸಂಬಂಧಿಗಳಲ್ಲಿ ಒಂದೇ ಹಿರಿಯರಿಂದ ಬಂದ ಅಂಶಗಳು ಹೆಚ್ಚಾಗಿರುವದರಿಂದ, ಸೋದರಮಾವನಿಗೂ ಅಕ್ಕನ ಮಗಳಿಗೂ ಮದುವೆ ಮಾಡುವ ನಮ್ಮ ಸೀಮೆಯವರು ಇದನ್ನು ವಿಶೇಷವಾಗಿ ಯೋಚಿಸತಕ್ಕದ್ದು. ಆದರೂ ಎತ್ತರ, ಮೈಬಣ್ಣ ಮುಂತಾದವುಗಳಿಗೆ ಅನೇಕ ಜೀನ್‌ಗಳು ಕೂಡಿ ಕಾರಣವಾಗಿವೆ. ಅವುಗಳೊಂದಿಗೆ ಅನ್ನವೂ ಆರೈಕೆಯೂ ಮಗುವಿನ ಬೆಳವಣಿಗೆಯಲ್ಲಿ ಸೇರುತ್ತವೆ.

ಪರೀಕ್ಷೆಯಲ್ಲಿ ಎರಡು ಸಾರಿ ಸೋತು, ತನ್ನ ಶ್ರಮದ ಫಲವನ್ನು ಕಾಣದೆ ತೀರಿಹೋದ ಈ ಮನುಷ್ಯನ ಹೆಸರು ಇಂದು ಶಾಲೆಯ ಮಕ್ಕಳಿಗೂ ಗೊತ್ತಿದೆ. ತನ್ನ ಮದುವೆಯ ಹಣವನ್ನು ಹಂಚಿಕೊಟ್ಟ ತಂಗಿಯನ್ನು ಬಲ್ಲವರು ಕೊಂಚವೇ. ಅವನನ್ನು ನೆನಸುವಾಗ ಅವಳನ್ನೂ ನೆನಸೋಣ. ಬಡ ಮನೆಯಲ್ಲಿ ಓದುವ ಮಗುವಿದ್ದರೆ ಕೈಯಲ್ಲಿದ್ದಷ್ಟು ನೆರವನ್ನು ಕೊಡೋಣ.