ಗಾಂಧೀಜಿ, ನಂದಿ ಬೆಟ್ಟ ಮತ್ತು ರಕ್ತದೊತ್ತಡ

ಮಕ್ಕಳೇ, ಹೆಬ್ಬಾಳ, ಯಲಹಂಕ, ದೇವನಹಳ್ಳಿ ದಾಟಿ ಉತ್ತರಕ್ಕೆ ಸಾಗಿದರೆ ನಂದಿ ಬೆಟ್ಟ ಸಿಗುತ್ತದೆ. ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋಗಿರಬಹುದು. ಬೆಟ್ಟದ ಮೇಲಿರುವ ಗಾಂಧಿ ನಿಲಯ ಎಂಬ ಹಳೆಯ ಬಂಗಲೆಯನ್ನು ಗಮನಿಸಿದ್ದೀರಾ? 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದದ್ದು ಭಾಷಣ ಮಾಡಲು ಅಲ್ಲ. ವೈದ್ಯರ ಮಾತಿಗೆ ಒಪ್ಪಿ, ವಿಶ್ರಾಂತಿ ಪಡೆಯಲು.

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸ ಕರಮಚಂದ ಗಾಂಧಿ ಲಂಡನ್ನಿನಲ್ಲಿ ಕಾನೂನು ಓದಿ, ದಕ್ಷಿಣ ಆಫ್ರಿಕಾದಲ್ಲಿ ಹೋರಾಡಿ, 1915ರಲ್ಲಿ ಭಾರತಕ್ಕೆ ಮರಳಿದ್ದು ನಿಮಗೆ ಪಾಠದಿಂದ ಗೊತ್ತು. 1927ರಲ್ಲಿ ಅವರಿಗೆ 57 ವರ್ಷ. ಖಾದಿ ಪ್ರಚಾರಕ್ಕಾಗಿ ಊರಿಂದೂರಿಗೆ ಪ್ರಯಾಣ. ಒಂದೇ ದಿನ ಹಲವು ಸಭೆಗಳು, ನಿಧಿ ಸಂಗ್ರಹ, ನಡುವೆ ರಾಶಿ ಪತ್ರಗಳಿಗೆ ಉತ್ತರ, ಪತ್ರಿಕೆಗಳಿಗೆ ಲೇಖನ. ಮಾರ್ಚ್ ಕೊನೆಯಲ್ಲಿ ಕೊಲ್ಲಾಪುರ, ನಿಪ್ಪಾಣಿ ಭಾಗದಲ್ಲಿದ್ದಾಗ ದೇಹ ಸೋತುಹೋಯಿತು. ವೈದ್ಯರು ಪರೀಕ್ಷಿಸಿದರು. ರಕ್ತದೊತ್ತಡ ಏರಿತ್ತು. ಅತಿಯಾದ ದುಡಿಮೆಯೇ ಕಾರಣವೆಂದು ಹೇಳಿ, ಪ್ರವಾಸ ನಿಲ್ಲಿಸಲು ಸೂಚಿಸಿದರು.

ಏನಿದು ರಕ್ತದೊತ್ತಡ? ಹೃದಯ ತಳ್ಳಿದ ರಕ್ತವು ಅಪಧಮನಿಗಳ ಗೋಡೆಯ ಮೇಲೆ ಹಾಕುವ ಒತ್ತಡ. ದೊಡ್ಡವರಲ್ಲಿ ಇದು 120/80 ಮಿ.ಮೀ. ಪಾದರಸದ ಆಸುಪಾಸಿನಲ್ಲಿದ್ದರೆ ಸಹಜ. ಮತ್ತೆ ಮತ್ತೆ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ, ಅಂದರೆ ಮನೆಯಲ್ಲಿ ನೀವು ಕೇಳಿರುವ ಬಿ.ಪಿ.

ಪರೀಕ್ಷೆಯ ದಿನ ನಿಮ್ಮ ಎದೆ ಡವಡವ ಎನ್ನುವುದಿಲ್ಲವೇ? ಆಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ಅನೇಕ ರಕ್ತನಾಳಗಳು ಕಿರಿದಾಗುತ್ತವೆ, ಒತ್ತಡ ಏರುತ್ತದೆ. ಪರೀಕ್ಷೆ ಮುಗಿದ ಮೇಲೆ ಇಳಿಯುತ್ತದೆ. ಆದರೆ ಕೆಲಸದ ಒತ್ತಡ ತಿಂಗಳುಗಟ್ಟಲೆ ಮುಂದುವರಿದು ನಿದ್ದೆಯೂ ಕೆಟ್ಟರೆ? ಈ ಏರಿಕೆ ಪದೇ ಪದೇ ಆಗುತ್ತದೆ. ಅಧಿಕ ರಕ್ತದೊತ್ತಡಕ್ಕೆ ಅದೂ ಒಂದು ಕಾರಣವಾಗಬಹುದು. ವಯಸ್ಸು, ವಂಶ, ಉಪ್ಪು, ತೂಕ, ತಂಬಾಕು ಇವೂ ಕಾರಣಗಳೇ. ಗಾಂಧೀಜಿ ತೆಳ್ಳಗಿದ್ದರು, ದಿನವೂ ನಡೆಯುತ್ತಿದ್ದರು, ಧೂಮಪಾನವನ್ನು ಹುಡುಗುತನದಲ್ಲೇ ಬಿಟ್ಟವರು. ವೈದ್ಯರಿಗೆ ದುಡಿಮೆಯ ಮೇಲೆಯೇ ಅನುಮಾನ ಬಂದದ್ದು ಸಹಜ. ಆದರೂ ಒಬ್ಬರ ಉದಾಹರಣೆಯಿಂದ ವಿಜ್ಞಾನದಲ್ಲಿ ಏನೂ ಸಾಬೀತಾಗುವುದಿಲ್ಲ, ಇದನ್ನು ಮರೆಯಬೇಡಿ.

ಈಗಿನಂತಹ ಬಿ.ಪಿ. ಮಾತ್ರೆಗಳು ಆಗ ಇರಲಿಲ್ಲ. ವಿಶ್ರಾಂತಿಯೇ ಚಿಕಿತ್ಸೆ. ಮೈಸೂರು ಸಂಸ್ಥಾನದ ಅತಿಥಿಯಾಗಿ ಗಾಂಧೀಜಿ ಏಪ್ರಿಲ್‌ನಲ್ಲಿ ನಂದಿಗೆ ಬಂದು ಸುಮಾರು ಒಂದೂವರೆ ತಿಂಗಳು ಉಳಿದರು. ಜೂನ್‌ನಲ್ಲಿ ಬೆಂಗಳೂರಿನ ಕುಮಾರ ಪಾರ್ಕಿಗೆ ಬಂದರು. ತುಸು ಚೇತರಿಸಿಕೊಂಡದ್ದೇ ತಡ, ಮತ್ತೆ ಕೆಲಸ ಶುರು! ಜುಲೈನಲ್ಲಿ ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಗೂ ಹೋಗಿ ವಿದ್ಯಾರ್ಥಿಗಳೊಡನೆ ಮಾತನಾಡಿದರು.

ರಕ್ತದೊತ್ತಡ ಮಾತ್ರ ಅವರನ್ನು ಬಿಡಲಿಲ್ಲ. 1935ರ ಕೊನೆಯಲ್ಲಿ ಆರೋಗ್ಯ ಮತ್ತೆ ಕೆಟ್ಟಿತು. 1936ರ ಮೇ ತಿಂಗಳಲ್ಲಿ ಪುನಃ ನಂದಿ ಬೆಟ್ಟ ಹತ್ತಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ಪ್ರಕಟಿಸಿದ ದಾಖಲೆಗಳ ಪ್ರಕಾರ, 1940ರ ಫೆಬ್ರುವರಿ 19ರಂದು ಅವರ ರಕ್ತದೊತ್ತಡ 220/110 ಇತ್ತು. ಎಷ್ಟು ಹೆಚ್ಚೆಂದು ಮೇಲಿನ ಅಂಕಿಗಳೊಡನೆ ಹೋಲಿಸಿ ನೋಡಿ.

1948ರ ಜನವರಿ 30ರಂದು ಅವರ ಹತ್ಯೆಯಾಯಿತು. ಮರುವರ್ಷ, 1949ರಲ್ಲಿ, ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು ನಮ್ಮ ನಾಡಿನ ಸರ್ಪಗಂಧ ಗಿಡದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂಬುದನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು.