ಅಲೆಮಾರಿ ಪಂಡಿತ

ಮಕ್ಕಳೇ, ದೂರದ ಊರಿಗೆ ಹೋಗಬೇಕಾದರೆ ಏನೇನು ಬೇಕು? ಬಸ್ಸಿಗೆ ದುಡ್ಡು ಬೇಕು, ಊಟಕ್ಕೆ ದುಡ್ಡು ಬೇಕು, ರಾತ್ರಿ ಉಳಿದುಕೊಳ್ಳಲು ಜಾಗ ಬೇಕು ಎಂದು ನೀವು ಹೇಳಬಹುದು. ಇವು ಯಾವುವೂ ಸರಿಯಾಗಿ ಇಲ್ಲದೆ ಹಿಮಾಲಯವನ್ನು ದಾಟಿ ಟಿಬೆಟ್ಟಿಗೆ ಹೋದ ಪಂಡಿತರೊಬ್ಬರಿದ್ದರು. ನಮ್ಮ ದೇಶ ಕಳೆದುಕೊಂಡಿದ್ದ ಪುಸ್ತಕಗಳನ್ನು ಹುಡುಕಲು ಅವರು ಅಷ್ಟು ದೂರ ಹೋದರು. ಅವರೇ ರಾಹುಲ ಸಾಂಕೃತ್ಯಾಯನ.

ಅವರು 1893ರ ಏಪ್ರಿಲ್ 9ರಂದು ಉತ್ತರ ಪ್ರದೇಶದ ಆಜಮ್‌ಗಢ ಜಿಲ್ಲೆಯ ಪಂದಹಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅದು ಅವರ ಅಜ್ಜನ ಮನೆ, ಅಂದರೆ ತಾಯಿಯ ತವರು. ಮನೆಯವರು ಇಟ್ಟ ಹೆಸರು ಕೇದಾರನಾಥ ಪಾಂಡೆ. ಅಜ್ಜ ಸೈನ್ಯದಲ್ಲಿ ಸಿಪಾಯಿಯಾಗಿದ್ದವರು. ತಾನು ಕಂಡ ಊರು, ಕಾಡು, ಬೇಟೆಗಳ ಕಥೆಗಳನ್ನು ಅವರು ಹೇಳುತ್ತಿದ್ದರೆ ಮೊಮ್ಮಗ ಕಣ್ಣರಳಿಸಿ ಕೇಳುತ್ತಿದ್ದ. ಶಾಲೆಯ ಉರ್ದು ಪಠ್ಯಪುಸ್ತಕದಲ್ಲಿ ಒಂದು ಪದ್ಯವಿತ್ತು. ವಯಸ್ಸು ಇರುವಾಗಲೇ ಲೋಕ ಸುತ್ತಬೇಕು ಎಂಬುದು ಅದರ ಅರ್ಥ. ಎರಡೇ ಸಾಲಿನ ಆ ಪದ್ಯ ಹುಡುಗನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ನೋಡಿದಿರಾ, ನಿಮ್ಮ ಕೈಯಲ್ಲಿರುವಂತಹ ಪಠ್ಯಪುಸ್ತಕವೇ ಒಬ್ಬರ ಬದುಕಿನ ದಾರಿಯನ್ನು ಬದಲಿಸಿತು!

ಸುಮಾರು 14ನೇ ವಯಸ್ಸಿನಲ್ಲಿ ಕೇದಾರನಾಥ ಮನೆಬಿಟ್ಟು ಕಲಕತ್ತೆಗೆ ಹೋದ. ನೀವು ಮಾತ್ರ ಹಾಗೆ ಮಾಡಬೇಡಿ. ಮನೆಯವರು ಎಷ್ಟು ಹುಡುಕಾಡಿರಬಹುದು, ಯೋಚಿಸಿ. ಮುಂದೆ ಅವರು ಸಾಧುವಿನ ವೇಷದಲ್ಲಿ ಊರೂರು ಸುತ್ತಿದರು. ಕೇದಾರ, ಬದರಿಗಳ ಬೆಟ್ಟದ ದಾರಿಯಲ್ಲಿ ನಡೆದರು. ಮಠದಲ್ಲಿ ಮಲಗಿದರು, ಧರ್ಮಶಾಲೆಯಲ್ಲಿ ಉಂಡರು. ತಮಿಳುನಾಡಿನ ತಿರುಮಳಿಶೈಯ ಮಠದಲ್ಲಿದ್ದಾಗ ತಮಿಳು ಕಲಿತರು. 1921ರಲ್ಲಿ ನಮ್ಮ ಕಾಸರಗೋಡಿನ ಮಗ್ಗುಲಲ್ಲೇ ಇರುವ ಕೊಡಗಿನಲ್ಲೂ ಕೆಲವು ತಿಂಗಳು ಇದ್ದರು. ಅಲ್ಲಿಂದ ಬಿಹಾರಕ್ಕೆ ಹೋಗಿ ಸ್ವಾತಂತ್ರ್ಯ ಚಳವಳಿಯನ್ನು ಸೇರಿ ಸೆರೆಮನೆ ಕಂಡರು. ಸೆರೆಮನೆಯಲ್ಲೂ ಅವರು ಸುಮ್ಮನೆ ಕುಳಿತವರಲ್ಲ. ಓದಿದರು, ಬರೆದರು.

1927ರಲ್ಲಿ ಅವರು ಸಂಸ್ಕೃತ ಕಲಿಸಲು ಶ್ರೀಲಂಕೆಗೆ ಹೋದರು. ಅಲ್ಲಿ ಪಾಲಿ ಭಾಷೆಯನ್ನು ಕಲಿತು ಬೌದ್ಧ ಗ್ರಂಥಗಳನ್ನು ಓದಿದರು. ಆಗ ಒಂದು ವಿಷಯ ಅವರನ್ನು ಬಹಳ ಕಾಡಿತು. ಒಂದು ಕಾಲದಲ್ಲಿ ನಾಲಂದಾ, ವಿಕ್ರಮಶಿಲಾ ಎಂಬ ದೊಡ್ಡ ವಿದ್ಯಾಪೀಠಗಳು ನಮ್ಮಲ್ಲಿದ್ದವು. ಅವು ನಾಶವಾದಾಗ ಅಲ್ಲಿನ ಎಷ್ಟೋ ಪುಸ್ತಕಗಳೂ ಇಲ್ಲವಾದವು. ಆದರೆ ಅದಕ್ಕೂ ಮೊದಲೇ ಭಾರತದ ಹಲವು ಗ್ರಂಥಗಳು ಭಿಕ್ಷುಗಳ ಜೊತೆಯಲ್ಲಿ ಟಿಬೆಟ್ಟನ್ನು ಸೇರಿದ್ದವು. ಅವು ಅಲ್ಲಿನ ವಿಹಾರಗಳಲ್ಲಿ ಇನ್ನೂ ಉಳಿದಿರಬಹುದಲ್ಲವೇ? ಹೋಗಿ ನೋಡಲೇಬೇಕೆಂದು ಅವರು ನಿರ್ಧರಿಸಿದರು.

ಹೋಗುವುದು ಸುಲಭವಾಗಿರಲಿಲ್ಲ. ಆಗಿನ ಬ್ರಿಟಿಷ್ ಸರ್ಕಾರ ಅನುಮತಿ ಕೊಡುವಂತಿರಲಿಲ್ಲ. ಕೈಯಲ್ಲಿ ಹೆಚ್ಚು ಹಣವೂ ಇರಲಿಲ್ಲ. ನೇಪಾಳಕ್ಕೆ ಕೂಡ ಹೊರಗಿನವರನ್ನು ಸುಲಭವಾಗಿ ಬಿಡುತ್ತಿರಲಿಲ್ಲ. ಶಿವರಾತ್ರಿಯ ಸಮಯದಲ್ಲಿ ಮಾತ್ರ ಪಶುಪತಿನಾಥನ ದರ್ಶನಕ್ಕೆ ಯಾತ್ರಿಕರು ಹೋಗಬಹುದಿತ್ತು. 1929ರ ಶಿವರಾತ್ರಿಯಂದು ಅವರು ಯಾತ್ರಿಕರ ಗುಂಪಿನಲ್ಲಿ ಕಾಠ್ಮಂಡುವನ್ನು ಸೇರಿದರು. ಹಬ್ಬ ಮುಗಿದ ಮೇಲೆ ಹಿಂದಿರುಗದೆ ಅಲ್ಲೇ ಲಾಮಾಗಳ ನಡುವೆ ತಲೆಮರೆಸಿಕೊಂಡರು. ಬಳಿಕ ಟಿಬೆಟ್ಟಿನವರಂತೆ ದೊಗಲೆ ನಿಲುವಂಗಿ ತೊಟ್ಟು ಭಿಕ್ಷುಕನ ವೇಷದಲ್ಲಿ ಹೊರಟರು. ಸುಮತಿ ಎಂದು ಅವರು ಕರೆಯುತ್ತಿದ್ದ ಮಂಗೋಲಿಯಾದ ಭಿಕ್ಷುವೊಬ್ಬರು ದಾರಿಗೆ ಜೊತೆಯಾದರು.

ಮುಂದೆ ಥೋಂಗ್ಲಾ ಎಂಬ ಘಟ್ಟವನ್ನು ಹತ್ತಬೇಕಿತ್ತು. ಅದರ ಎತ್ತರ 16,000 ಅಡಿಗೂ ಹೆಚ್ಚು. ಎರಡೂ ಬದಿಗೆ ಮೈಲುಗಟ್ಟಲೆ ಊರಿಲ್ಲ, ಮನೆಯಿಲ್ಲ. ಅಲ್ಲಿ ಕಳ್ಳರ ಕಾಟ ವಿಪರೀತ. ಮೊದಲು ಕೊಂದು, ಆಮೇಲೆ ಹಣ ಇದೆಯೇ ಎಂದು ನೋಡುವಂತಹ ಕಳ್ಳರು! ಇಂತಹ ದಾರಿಯಲ್ಲಿ ರಾಹುಲರು ಏನು ಮಾಡುತ್ತಿದ್ದರು ಗೊತ್ತೇ? ಅಪಾಯದ ಮುಖ ಕಂಡರೆ ಕೂಡಲೇ ನಾಲಿಗೆ ಹೊರಚಾಚಿ, ಕೈಯೊಡ್ಡಿ, ದಯೆತೋರಿ ಒಂದು ಕಾಸು ಕೊಡಿ ಎಂದು ಬೇಡುತ್ತಿದ್ದರು. ಬೇಡುವವನ ಬಳಿ ಕಳ್ಳರಿಗೆ ಸಿಗುವುದಾದರೂ ಏನು? ಬಡವನ ವೇಷವೇ ಅವರ ಜೀವ ಕಾಯಿತು.

ಆ ಘಟ್ಟದಲ್ಲಿ ಅವರು ಬಾಡಿಗೆಗೆ ಪಡೆದ ಕುದುರೆ ಬಹಳ ನಿಧಾನದ್ದು. ಅವರು ಹಿಂದೆ ಉಳಿದರು, ದಾರಿಯನ್ನೂ ತಪ್ಪಿದರು. ಊರು ಮುಟ್ಟುವಾಗ ಸಂಜೆಯಾಗಿತ್ತು. ಸುಮತಿಗೆ ಕೋಪ ಬಂದಿತ್ತು. ಕಾಯುತ್ತಾ ಎರಡು ಬುಟ್ಟಿ ಬೆರಣಿ ಸುಟ್ಟು, ಮೂರು ಸಲ ಚಹಾ ಬಿಸಿ ಮಾಡಿದ್ದಾಯಿತು ಎಂದು ಅವರು ಗದರಿದರು. ತಪ್ಪು ತನ್ನದಲ್ಲ, ಕುದುರೆಯದು ಎಂದು ರಾಹುಲರು ಹೇಳಿದಾಗ ಕೋಪ ಇಳಿಯಿತು. ಇಬ್ಬರೂ ಬಿಸಿ ಚಹಾ ಕುಡಿದರು.

ಮುಂದಿನ ದಾರಿಯಲ್ಲಿ ಹೊರೆಯಾಳುಗಳು ಸಿಗಲಿಲ್ಲ. ತಮ್ಮ ಗಂಟನ್ನು ತಾವೇ ಬೆನ್ನಿಗೆ ಹಾಕಿಕೊಂಡು, ಕೋಲು ಊರಿಕೊಂಡು ನಡೆದರು. ಅಲ್ಲಿನ ಬಿಸಿಲು ವಿಚಿತ್ರ. ಸೂರ್ಯನಿಗೆ ಮುಖಮಾಡಿ ನಡೆದರೆ ಹಣೆ ಸುಡುತ್ತದೆ, ಬೆನ್ನು ಮಾತ್ರ ಮಂಜಿನಂತೆ ತಣ್ಣಗಿರುತ್ತದೆ. ದಾರಿಯಲ್ಲಿ ಒಂದು ವಿಹಾರ ಸಿಕ್ಕಿತು. ಅಲ್ಲಿ ಬುದ್ಧನ ಉಪದೇಶಗಳ ಕೈಬರಹದ 103 ಸಂಪುಟಗಳಿದ್ದವು. ಬೆನ್ನು ನೋವನ್ನೂ ಮರೆತು ರಾಹುಲರು ಆ ಪುಸ್ತಕಗಳ ನಡುವೆ ಕುಳಿತುಬಿಟ್ಟರು.

ಇನ್ನೊಂದು ಸಂಗತಿ ಕೇಳಿ. ಥೋಂಗ್ಲಾದ ಈಚೆಗಿನ ಹಳ್ಳಿಯಲ್ಲಿ, ಭಿಕ್ಷುಕರ ವೇಷದಲ್ಲಿದ್ದರೂ, ಅವರಿಗೆ ಮಲಗಲು ಒಳ್ಳೆಯ ಜಾಗ ಸಿಕ್ಕಿತ್ತು. ಸುಮತಿಗೆ ಅಲ್ಲಿ ಪರಿಚಯದವರಿದ್ದರು. ಐದು ವರ್ಷಗಳ ನಂತರ ರಾಹುಲರು ಅದೇ ದಾರಿಯಲ್ಲಿ ಬಂದರು. ಆಗ ಒಳ್ಳೆಯ ಉಡುಪಿತ್ತು, ಕುದುರೆ ಇತ್ತು. ಆದರೂ ಯಾರೂ ಜಾಗ ಕೊಡಲಿಲ್ಲ. ಕೊನೆಗೆ ಊರಿನ ಅತ್ಯಂತ ಬಡವರ ಗುಡಿಸಲಿನಲ್ಲಿ ಮಲಗಬೇಕಾಯಿತು. ಪ್ರಯಾಣದಲ್ಲಿ ಹಣಕ್ಕಿಂತ ಜನರ ಸ್ನೇಹ ದೊಡ್ಡದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ರಾಜಧಾನಿ ಲಾಸಾವನ್ನು ತಲುಪಿದ ಮೇಲೆ ಅವರು ನೇಪಾಳಿ ವ್ಯಾಪಾರಿಯೊಬ್ಬರ ಆಶ್ರಯದಲ್ಲಿ ಓದಿದರು. ಪುಸ್ತಕ ಕೊಳ್ಳಲು ಶ್ರೀಲಂಕೆಯ ವಿಹಾರದವರು ಹಣ ಕಳುಹಿಸಿದರು. ತನಗಾಗಿ ಕಾಸು ಕಾಸು ಉಳಿಸುತ್ತಿದ್ದ ಅವರು ಪುಸ್ತಕಗಳಿಗೆ ಮಾತ್ರ ಹಿಂದೆಮುಂದೆ ನೋಡಲಿಲ್ಲ. 1930ರಲ್ಲಿ ಹಿಂದಿರುಗುವಾಗ ಪುಸ್ತಕಗಳನ್ನೂ ಚಿತ್ರಪಟಗಳನ್ನೂ ಹೊರಲು ಹೇಸರಗತ್ತೆಗಳ ಸಾಲೇ ಬೇಕಾಯಿತು! ಆ ವರ್ಷವೇ ಅವರು ಶ್ರೀಲಂಕೆಯಲ್ಲಿ ಬೌದ್ಧ ಭಿಕ್ಷುವಾಗಿ ರಾಹುಲ ಎಂಬ ಹೆಸರು ಪಡೆದರು.

1934, 1936 ಮತ್ತು 1938ರಲ್ಲಿ ಅವರು ಮತ್ತೆ ಟಿಬೆಟ್ಟಿಗೆ ಹೋದರು. ಭಾರತದಲ್ಲಿ ಯಾರೂ ಕಾಣದಿದ್ದ ಸಂಸ್ಕೃತದ ತಾಳೆಗರಿ ಗ್ರಂಥಗಳು ಅಲ್ಲಿ ಸಿಕ್ಕವು. ಮೂಲವನ್ನು ತರಲಾಗದಿದ್ದಾಗ ಚಳಿಯಲ್ಲಿ ಕುಳಿತು ಕೈಯಿಂದಲೇ ನಕಲು ಮಾಡಿಕೊಂಡರು. ಇಷ್ಟು ಕಷ್ಟಪಟ್ಟು ತಂದ ಸಂಪತ್ತನ್ನು ಮಾರಿಕೊಳ್ಳದೆ ಪಟ್ನಾದ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು.

ರಷ್ಯಾ, ಇರಾನ್, ಜಪಾನ್ ಮೊದಲಾದ ದೇಶಗಳನ್ನೂ ಅವರು ಕಂಡರು. ಹಿಂದಿಯಲ್ಲಿ ನೂರಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದರು. ಊರು ಸುತ್ತುವುದು ಹೇಗೆಂದು ತಿಳಿಸಲು ‘ಘುಮಕ್ಕಡ ಶಾಸ್ತ್ರ’ ಎಂಬ ಪುಸ್ತಕವನ್ನೇ ಬರೆದರು. ಘುಮಕ್ಕಡ ಎಂದರೆ ಅಲೆಮಾರಿ. 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1963ರಲ್ಲಿ ಪದ್ಮಭೂಷಣ ಅವರಿಗೆ ದೊರೆತವು.

ಕೊನೆಯ ದಿನಗಳಲ್ಲಿ ಕಾಯಿಲೆಯಿಂದ ಅವರ ನೆನಪಿನ ಶಕ್ತಿ ಅಳಿಯಿತು. ಅಷ್ಟೆಲ್ಲ ಕಲಿತವರಿಗೆ ಕಲಿತದ್ದು ನೆನಪಿಗೆ ಬಾರದಾಯಿತು. 1963ರ ಏಪ್ರಿಲ್ 14ರಂದು ಡಾರ್ಜಿಲಿಂಗ್‌ನಲ್ಲಿ ಅವರು ತೀರಿಕೊಂಡರು. ಅವರು ಮರೆತದ್ದನ್ನು ಅವರ ಪುಸ್ತಕಗಳು ಇಂದಿಗೂ ನಮಗೆ ಹೇಳುತ್ತಿವೆ.

ಮಕ್ಕಳೇ, ಹೋದಲ್ಲೆಲ್ಲ ರಾಹುಲರಿಗೆ ಅನ್ನ, ಆಸರೆ ದೊರಕಿಸಿದ್ದು ಮುಖ್ಯವಾಗಿ ಭಾಷೆಗಳು. ಆ ಸಂಪತ್ತು ನಿಮ್ಮಲ್ಲೂ ಇದೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತನಾಡುವವರು ನೀವು. ಮುಂದಿನ ರಜೆಯಲ್ಲಿ ಹಿರಿಯರ ಜೊತೆಗೆ ಹತ್ತಿರದ ಗುಡ್ಡಕ್ಕೋ ಹೊಳೆಯ ದಂಡೆಗೋ ನಡೆದುಹೋಗಿ. ಬುತ್ತಿ ಕಟ್ಟಿಕೊಳ್ಳಿ. ದಾರಿಯಲ್ಲಿ ಸಿಕ್ಕಿದವರನ್ನು ಅವರ ಮಾತಿನಲ್ಲೇ ಮಾತನಾಡಿಸಿ. ಕಂಡದ್ದನ್ನು ಮರೆಯುವ ಮೊದಲು ಬರೆದಿಡಿ.